ಇಸಾಬೆಕ್ ಅಜ್ಜನ ಎಂಬತ್ತನೇ ವರ್ಷದ ಬಟ್ಟೆಚೀಲ

ನಲವತ್ತೆರಡು ವರ್ಷಗಳ ಹಿಂದೆ, ತಾಯಿ ಸತ್ತ ನಲವತ್ತನೇ ದಿನದ ಊಟ ಮುಗಿದ ಸಂಜೆ, ಅನಾರ್ಕುಲ್ ತನ್ನ ಅಣ್ಣ ಇಸಾಬೆಕ್‌ನ ಮನೆಯ ಹೊಸ್ತಿಲ ಹೊರಗೆ ನಿಂತು ಒಂದು ಮಾತು ಕೊಟ್ಟಳು.

"ನೀನು ಬದುಕಿರೋವರೆಗೂ ಈ ಹೊಸ್ತಿಲು ದಾಟಲ್ಲ. ಸತ್ತ ದಿನ ಬರ್ತೀನಿ, ಅತ್ತು ಹೋಗ್ತೀನಿ."

ಇಷ್ಟು ದೊಡ್ಡ ಮಾತಿಗೆ ಕಾರಣ ಒಂದು ಪ್ಲಾಸ್ಟಿಕ್ ಚೀಲ.

ಈಗಿನವರು ನಗಬಹುದು. ಈಗ ನಮ್ಮ ತೆರೆಕ್-ಸೂ ಹಳ್ಳಿಯಲ್ಲಿ ಒಂದು ಗಾಳಿ ಬೀಸಿದರೆ ಬೇಲಿಗಳಲ್ಲಿ ಎಲೆಗಿಂತ ಹೆಚ್ಚು ಪ್ಲಾಸ್ಟಿಕ್ ಚೀಲಗಳು ಅರಳುತ್ತವೆ. ಆದರೆ ಅದು ಕಲ್ಖೋಜ್ ಕಾಲ, ಊರಿನ ಹೊಲ, ದನವೆಲ್ಲ ಸೋವಿಯತ್ ಸರ್ಕಾರದ ಸಾಮೂಹಿಕ ಬೇಸಾಯಕ್ಕೆ ಸೇರಿದ್ದ ಕಾಲ. ಅಂಗಡಿಯವನು ಸಕ್ಕರೆಯನ್ನು ಹಳೇ ಪತ್ರಿಕೆಯಲ್ಲಿ ಕಟ್ಟಿ ಕೊಡುತ್ತಿದ್ದ. ಶಾಲೆಯ ಮೇಡಮ್ ಆಗಿದ್ದ ಅನಾರ್ಕುಲ್ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಲೆನಿನ್‌ಗ್ರಾಡ್‌ನಿಂದ ಹಿಡಿಕೆಯಿರುವ ಒಂದು ಚೀಲ ತಂದಿದ್ದಳು. ಅದರ ಮೇಲೆ ಹಾಯಿ ಬಿಚ್ಚಿದ ಹಡಗಿನ ಚಿತ್ರ. ಸಮುದ್ರವನ್ನೇ ನೋಡದ ಊರಿನ ಜನ ಆ ಹಡಗನ್ನು ನೋಡಲೆಂದೇ ಅವಳನ್ನು ದಾರಿಯಲ್ಲಿ ನಿಲ್ಲಿಸುತ್ತಿದ್ದರು. ಅವಳು ಅದಕ್ಕೆ ಆಲೂಗಡ್ಡೆ ತುಂಬಿದವಳಲ್ಲ. ಮಕ್ಕಳ ನೋಟುಪುಸ್ತಕ ಮಾತ್ರ. ಪ್ರತಿ ಭಾನುವಾರ ಬೆಚ್ಚಗಿನ ನೀರಿನಲ್ಲಿ ತೊಳೆದು, ಹಾಯಿಯ ಬಣ್ಣ ಹೋದೀತೆಂದು ನೆರಳಿನಲ್ಲಿ ಒಣಗಿಸುತ್ತಿದ್ದಳು.

ತಾಯಿಯ ಊಟಕ್ಕೆ ಕಲ್ಖೋಜ್ ಅಧ್ಯಕ್ಷ ಬಂದಿದ್ದ. ನಮ್ಮಲ್ಲಿ ಊಟಕ್ಕೆ ಕೂತವರಿಗೆಲ್ಲ ವಯಸ್ಸಿಗೆ, ಮಾನಕ್ಕೆ ತಕ್ಕ ಮಾಂಸದ ಎಲುಬು ಕೊಡಬೇಕು. ಅಲ್ಲಿ ತಿನ್ನುವುದು ಒಂದು ತುತ್ತು, ಉಳಿದದ್ದು ಮನೆಯವರಿಗೆ. ಅಧ್ಯಕ್ಷನಿಗೆ ಸೊಂಟದ ಎಲುಬು ಬಂತು. ಕಟ್ಟಿಕೊಳ್ಳಲು ಅವನ ಬಳಿ ಬಟ್ಟೆಯಿರಲಿಲ್ಲ. ಇಸಾಬೆಕ್ ಸುತ್ತ ನೋಡಿದ. ಮೊಳೆಯಲ್ಲಿ ಹಡಗು ನೇತಾಡುತ್ತಿತ್ತು.

ಸಂಜೆ ಬರೀ ಮೊಳೆ ಕಂಡಾಗ ಅನಾರ್ಕುಲ್ ಕೇಳಿದಳಂತೆ: "ಅವ್ವನ ಊಟದ ದಿನವೇ ಅವನಿಗೆ ಬಾಲ ಅಲ್ಲಾಡಿಸ್ಬೇಕಿತ್ತಾ? ಅದೂ ನನ್ನ ಚೀಲದಲ್ಲಿ?"

ಇಸಾಬೆಕ್ ಆಗ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ಒಂದು ಚೀಲಕ್ಕೆ ಇಷ್ಟೊಂದಾ?" ಎಂದುಬಿಟ್ಟ.

ಆಮೇಲೆ ಅವನು ಒಮ್ಮೆ ಅವಳ ಊರಿಗೆ, ಆಚೆ ಕಣಿವೆಯ ಕಾರಾ-ಸಾಯ್‌ಗೆ, ಹೋದ. ಅವಳು ಹಿಂಬಾಗಿಲಿನಿಂದ ಹೊರಟು ಅವನು ಹೋಗುವ ತನಕ ನೆರೆಮನೆಯಲ್ಲಿ ಕೂತಳು. ಹೋಗಿಬರುವವರ ಕೈಯಲ್ಲಿ ಅವನು ಎಂಥೆಂಥ ಚೀಲಗಳನ್ನು ಕಳಿಸಿದ! ಕುದುರೆಯದು, ಗುಲಾಬಿಯದು, ಕೊನೆಗೆ ಎಲ್ಲಿಂದಲೋ ಒಂದು ಹಡಗಿನದೂ. ಎಲ್ಲವೂ ತೊಳೆದು ಮಡಚಿದ ಹಾಗೇ ವಾಪಸು ಬಂದವು. ಪ್ರತಿ ಶರತ್ಕಾಲದಲ್ಲಿ ಅವನು ಊಟಕ್ಕೆ ಕರೆ ಕಳಿಸುವುದೂ ತಪ್ಪಲಿಲ್ಲ, ಅವಳ ಉತ್ತರವೂ ತಪ್ಪಲಿಲ್ಲ: "ಸತ್ತಿದ್ದಾನಾ? ಇನ್ನೂ ಇಲ್ವಾ? ಹಾಗಾದ್ರೆ ನನಗೆ ಬಿಡುವಿಲ್ಲ."

ಈ ವರ್ಷ ಅಜ್ಜನಿಗೆ ಎಂಬತ್ತು. ವಸಂತದಿಂದಲೇ ಕಾಲು ಬಿದ್ದುಹೋಗಿತ್ತು. ಗೋಡೆ ಹಿಡಿದು ನಾಲ್ಕು ಹೆಜ್ಜೆ, ಅಷ್ಟೆ. ಡಾಕ್ಟರು ಎದೆಗೆ ಕಿವಿಗೊಟ್ಟು, ಮಗನನ್ನು ಹೊರಗೆ ಕರೆದು, ಈ ಚಳಿಗಾಲದ ಆಸೆ ಇಟ್ಟುಕೊಳ್ಳಬೇಡಿ ಎಂದರು. ಅಜ್ಜನ ಕಾಲು ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ. ಎಂಬತ್ತರ ಔತಣ ಮಾಡೋಣವೆಂದು ಮಗ ಕೇಳಿದಾಗ ಒಂದೇ ಮಾತು ಹೇಳಿದ:

"ಮಾಡು. ಎಂಬತ್ತು ಅಂದ್ರೆ ಅನಾರ್ಕುಲ್ ಬಂದರೂ ಬಂದಾಳು. ಅವಳು ಒಂದು ಸಲ ಒಳಗೆ ಬಂದು ಕೂತ್ರೆ ಸಾಕು. ಬೇರೆ ಯಾರು ಬಂದ್ರೆ ನನಗೇನು?"

ಕರೆ ಹೋಯಿತು. ಉತ್ತರ ಬಂತು. ಅದೇ ಉತ್ತರ.

ಈಗ ಮಗನ ವಿಷಯ. ಶಾರ್ಶೆನ್ ಶಾಲೆಯಲ್ಲಿ ಹುಡುಗರಿಗೆ ಮರಗೆಲಸ ಕಲಿಸುವ ಮೇಷ್ಟ್ರು. ಅವನು ಮಾಡಿಸಿದ ಸ್ಟೂಲು ಊರಿನ ಪ್ರತಿ ಮನೆಯಲ್ಲೂ ಇದೆ. ಪ್ರತಿ ಮನೆಯಲ್ಲೂ ಅದರ ಒಂದು ಕಾಲಿನ ಕೆಳಗೆ ಮಡಚಿದ ರಟ್ಟು ಇದೆ. ಒಳ್ಳೆಯ ಮನುಷ್ಯ. ತನ್ನಿಂದ ಯಾರಿಗಾದರೂ ಕೆಡುಕಾಗಲಿ ಎಂದು ಅವನು ಎಂದೂ ಬಯಸಿದವನಲ್ಲ, ಆಗುತ್ತಿತ್ತು ಅಷ್ಟೆ.

ಆಗಸ್ಟ್‌ನಲ್ಲಿ ನರಿನ್ ಪಟ್ಟಣದಲ್ಲಿ ಎರಡು ದಿನದ ತರಬೇತಿ ಇತ್ತು: ಪ್ಲಾಸ್ಟಿಕ್ ಚೀಲಗಳನ್ನು ಕಡಿಮೆ ಮಾಡುವುದು, ಇದ್ದವನ್ನು ಮತ್ತೆ ಬಳಸುವುದು. ಶಾಲೆಯಿಂದ ಒಬ್ಬರು ಹೋಗಬೇಕಿತ್ತು. ಎರಡು ದಿನ ಇಲ್ಲದಿದ್ದರೂ ನಡೆಯುವಂಥವನೆಂದು ಶಾರ್ಶೆನ್‌ನನ್ನು ಕಳಿಸಿದರು. ಅವನು ಪ್ರಮಾಣಪತ್ರದೊಂದಿಗೆ, ಕೊರಳಲ್ಲಿ ಹೆಸರಿನ ಬಿಲ್ಲೆ ತೂಗಿಸಿಕೊಂಡು ಬಂದ. ಆ ಬಿಲ್ಲೆಯನ್ನು ಹಾಲು ಕರೆಯುವಾಗಲೂ ತೆಗೆಯಲಿಲ್ಲ.

ಅವರ ಅಡುಗೆಮನೆಯ ಬಾಗಿಲ ಹಿಂದೆ, ಎಲ್ಲರ ಮನೆಯಲ್ಲಿರುವಂತೆ, ಚೀಲಗಳ ಚೀಲ ನೇತಾಡುತ್ತಿತ್ತು. ಅವನ ಹೆಂಡತಿ ಬುರುಲ್ ಒಂದೊಂದನ್ನೂ ಒಳಗು ಹೊರಗು ಮಾಡಿ ತೊಳೆದು, ಬಟ್ಟೆಯ ಜೊತೆ ಹಗ್ಗಕ್ಕೆ ಹಾಕಿ ಒಣಗಿಸಿ, ಮಡಚಿ ಇಟ್ಟಿದ್ದಳು.

"ಇದೇನು ಬುರುಲ್?"

"ಕವರು. ಯಾಕೆ, ತರಬೇತೀಲಿ ಗುರುತು ಹಿಡಿಯೋದು ಹೇಳಿಕೊಡ್ಲಿಲ್ವಾ?"

"ಪ್ಲಾಸ್ಟಿಕ್ ಮನೇಲಿರಬಾರದು."

"ಮತ್ತೆ ಮತ್ತೆ ಬಳಸಿ ಅಂದ್ರು ಅಂತ ನಿನ್ನೆ ನೀವೇ ಅಂದ್ರಿ. ಇದೆಲ್ಲ ಬಳಸಿದ್ದೇ ರೀ. ಈ ನೀಲಿ ಕವರ್ ನೋಡಿ, ನಮ್ಮ ಮಗಳು ಹುಟ್ಟೋಕೆ ಮುಂಚಿಂದು. ಅವಳಿಗೀಗ ಗಂಡು ನೋಡ್ತಿದೀವಿ."

"ಮತ್ತೆ ಬಳಸೋದು ಎರಡನೇ ದಿನದ ಪಾಠ. ಕಡಿಮೆ ಮಾಡೋದು ಮೊದಲನೇ ದಿನದ್ದು. ಕ್ರಮ ತಪ್ಪಬಾರದು."

ಕ್ರಮ ತಪ್ಪದ ಶಾರ್ಶೆನ್ ಮುನ್ನೂರ ಹನ್ನೆರಡು ತೊಳೆದ ಚೀಲಗಳನ್ನು ಗ್ರಾಮಾಡಳಿತದ ಕಚೇರಿಗೆ ಹೊತ್ತುಕೊಂಡು ಹೋಗಿ ಮುಖ್ಯಸ್ಥ ಮೈರಂಬೆಕ್‌ಗೆ ಒಪ್ಪಿಸಿದ. ಮೈರಂಬೆಕ್ ಫೋಟೋ ತೆಗೆಸಿಕೊಂಡು, ಚೀಲಗಳನ್ನು ಕಚೇರಿಯ ಹಿಂದೆ ಒಂದು ಕಲ್ಲಿನ ಕೆಳಗೆ ಇಟ್ಟ. ಮೂರನೇ ದಿನ ಬೆಟ್ಟದ ಗಾಳಿ ಇಳಿಯಿತು. ಇಪ್ಪತ್ತು ವರ್ಷ ಬಾಗಿಲ ಹಿಂದೆ ಮರ್ಯಾದೆಯಿಂದ ಇದ್ದ ಚೀಲಗಳು ಒಂದೇ ಮಧ್ಯಾಹ್ನದಲ್ಲಿ ಹುಲ್ಲುಗಾವಲಿನ ತುಂಬ ಹರಡಿದವು. ಸೆಪ್ಟೆಂಬರ್ ಕೊನೆಗೆ ಮೈರಂಬೆಕ್‌ನದೇ ಒಂದು ಕರು ಹೊಟ್ಟೆ ಉಬ್ಬಿ ಸತ್ತಿತು. ಕೊಯ್ದು ನೋಡಿದರೆ ಒಳಗೆ ನೀಲಿ ಚೀಲ. ಬುರುಲ್ ನೋಡಿದ ಕೂಡಲೇ ಗುರುತು ಹಿಡಿದಳು, ಬಾಯಿ ಮಾತ್ರ ಬಿಡಲಿಲ್ಲ.

"ಶಾರ್ಶೆನ್, ನನ್ನ ಕರು ಸುಮ್ಮನೆ ಸಾಯಬಾರದು," ಎಂದ ಮೈರಂಬೆಕ್. "ನಿಮ್ಮಪ್ಪನ ಔತಣದಲ್ಲಿ ಒಂದೇ ಒಂದು ಪ್ಲಾಸ್ಟಿಕ್ ಕವರ್ ಕಾಣಬಾರದು. ಜಿಲ್ಲೆಗೆ ಬರೆದುಬಿಟ್ಟಿದೀನಿ. ಫೋಟೋ ಕಳಿಸ್ಬೇಕು."

ಹೇಳುವುದು ಸುಲಭ. ಕೊನೆಯ ಚಹಾದ ಜೊತೆಗೆ ಪ್ಲಾಸ್ಟಿಕ್ ಚೀಲದ ಕಟ್ಟು ಬರಲಿಲ್ಲವೆಂದರೆ ನಮ್ಮಲ್ಲಿ ಯಾರೂ ಏಳುವುದಿಲ್ಲ. ಎದ್ದರೆ ಆ ಮನೆಯ ಮಾನ ತೆಗೆದೇ ಏಳುತ್ತಾರೆ. ಶಾರ್ಶೆನ್ ಮೂರು ದಿನ ಯೋಚಿಸಿದ. ಬಟ್ಟೆಯ ಚೀಲ ಹೊಲಿಸಿ ಹಂಚುವುದು ಎಂದು ತೀರ್ಮಾನಿಸಿದ. ಜಗತ್ತಿನ ಯಾವ ಊರಿನಲ್ಲಾದರೂ ಇದು ಒಳ್ಳೆಯ ಯೋಚನೆಯೇ.

ನಮ್ಮ ಊರುಗಳಲ್ಲಿ ತುಂಬು ಬಾಳು ಬಾಳಿದವರು ಸತ್ತಾಗ, ಅಳಲು ಬಂದ ಹೆಂಗಸರಿಗೆಲ್ಲ ಒಂದೊಂದು ತುಂಡು ಬಟ್ಟೆ ಹರಿದು ಕೊಡುತ್ತಾರೆ. ಸತ್ತವರ ಆಯುಸ್ಸು ತಮಗೂ ಬರಲೆಂದು ಅದನ್ನು ಕಣ್ಣಿಗೊತ್ತಿಕೊಂಡು ಮನೆಗೆ ಒಯ್ಯುತ್ತಾರೆ. ಮುದುಕರಿರುವ ಮನೆಯಿಂದ ಹೆಂಗಸರು ಬಟ್ಟೆ ಹಿಡಿದು ಹೊರಬಂದರೆ ಬೇರೆ ಅರ್ಥವಿಲ್ಲ. ಇದು ಶಾರ್ಶೆನ್‌ಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಆದರೆ ಅವನ ತಲೆಯಲ್ಲಿ ಅದು ಬಟ್ಟೆ, ಇದು ಚೀಲ. ಎರಡೂ ಬೇರೆ ಬೇರೆ ಕಪಾಟಿನಲ್ಲಿದ್ದವು.

ಗುರುವಾರ ನರಿನ್ ಬಜಾರಿಗೆ ಹೋಗಿ ಬಟ್ಟೆ ಮಾರುವ ಹೆಂಗಸೊಬ್ಬಳ ಮುಂದೆ ನಿಂತ. ಅಲ್ಲಿ ನಡೆದ ಮಾತನ್ನು ಅವನೇ ನನಗೆ ಹೆಮ್ಮೆಯಿಂದ ಹೇಳಿದ್ದು.

"ಬಿಳೀದು ಕೊಡಿ. ಅಗ್ಗದ್ದು, ಗಟ್ಟಿ ಇರೋದು. ಅರವತ್ತು ಮೀಟರ್."

"ಅರವತ್ತಾ? ಅಯ್ಯೋ ದೇವರೇ. ಯಾರು?"

"ನಮ್ಮಪ್ಪ. ಇಸಾಬೆಕ್ ಅಂತ, ತೆರೆಕ್-ಸೂ."

"ವಯಸ್ಸೆಷ್ಟಾಗಿತ್ತು?"

"ಎಂಬತ್ತು ತುಂಬ್ತು."

"ತುಂಬು ಬಾಳು, ಬಿಡಿ. ಕಷ್ಟಪಟ್ರಾ?"

"ಇಲ್ಲ, ಇಲ್ಲ. ನಮಗೆಲ್ಲ ತುಂಬ ಸಂತೋಷ. ಶನಿವಾರ ಜನ ಸೇರ್ತಾರೆ, ಒಂದು ಕುದುರೆ ಕಡೀತೀವಿ. ಹಾಡೋರನ್ನೂ ಕರೆಸಿದೀನಿ."

ಹೆಂಗಸು ಅವನನ್ನು ಸ್ವಲ್ಪ ಹೊತ್ತು ನೋಡಿದಳಂತೆ. ಆಮೇಲೆ ಎರಡು ಮೀಟರ್ ಹೆಚ್ಚಿಗೆ ಅಳೆದು, "ಇದು ನನ್ನ ಕಡೆಯಿಂದ ಇರಲಿ," ಎಂದು ಕಣ್ಣೊರೆಸಿಕೊಂಡಳಂತೆ. ಪರಿಸರದ ಬಗ್ಗೆ ಜನರಿಗೆ ಎಷ್ಟು ಕಾಳಜಿ ನೋಡಿ ಎಂದು ಶಾರ್ಶೆನ್ ನನಗೆ ಹೇಳಿದ. ಆ ಹೆಂಗಸಿನ ಊರು ಕಾರಾ-ಸಾಯ್ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಹೊಲಿದವಳು ನಾನು. ಪಕ್ಕದ ಮನೆ, ಮೂರು ಮಕ್ಕಳು, ಒಂದು ಹೊಲಿಗೆ ಯಂತ್ರ. ಇಂಥ ಕೆಲಸ ಇನ್ನೆಲ್ಲಿಗೆ ಹೋದೀತು? ನೂರಿಪ್ಪತ್ತು ಚೀಲ. ಮೂರನೇ ಡಜನ್ ಮುಗಿಯುವಾಗ ನನಗೇ ಒಂದು ಥರ ಆಯಿತು.

"ಶಾರ್ಶೆನ್, ಬರೀ ಬಿಳೀ ಬಟ್ಟೆ. ಜನ ಏನಾದ್ರೂ ಅಂದ್ಕೊಂಡ್ರೆ?"

"ಅದಕ್ಕೇ ಮುದ್ರೆ ಹಾಕಿಸ್ತೀನಲ್ಲ," ಎಂದ.

ಆಲೂಗಡ್ಡೆ ಕೊರೆದು ಮುದ್ರೆ ಮಾಡಿದ. ಹಿಡಿಕೆಯಿರುವ ಒಂದು ಚೀಲದ ಚಿತ್ರ ಅವನ ಉದ್ದೇಶ. ಕೆಳಗೆ ಚೌಕ, ಮೇಲೆ ಬಾಗಿದ ಹಿಡಿಕೆ. ಅವನ ಕೈಯಲ್ಲಿ ಅದು ಗುಮ್ಮಟವಿರುವ ಗೋರಿಯಾಗಿ ಮೂಡಿತು. ನೂರಿಪ್ಪತ್ತು ಬಿಳಿ ಚೀಲಗಳ ಮೇಲೆ ನೂರಿಪ್ಪತ್ತು ಕಪ್ಪು ಗೋರಿ.

ಶನಿವಾರ ಬಿಸಿಲು ಚೆನ್ನಾಗಿತ್ತು. ಅಂಗಳದಲ್ಲಿ ನೆಂಟರಿಗಾಗಿ ಯುರ್ತ್ ಡೇರೆ ಎದ್ದಿತು, ಬೇಲಿಗೆ ಕುದುರೆಗಳು ಸಾಲುಗಟ್ಟಿದವು. ಅಜ್ಜನಿಗೆ ಹೊಸ ಬಿಳಿ ಟೋಪಿ ಹಾಕಿ ಡೇರೆಯೊಳಗೆ ಮೇಲಿನ ಜಾಗದಲ್ಲಿ ಕೂರಿಸಿದ್ದರು. ಅವನ ಕಣ್ಣು ಮಾತ್ರ ಬಾಗಿಲ ಕಡೆಗೇ. ಯಾರ ನೆರಳು ಬಿದ್ದರೂ ಕತ್ತು ಎತ್ತುವನು, ಆಮೇಲೆ ಇಳಿಸುವನು. ಊಟ ಮುಗಿಯಿತು, ಎಲುಬುಗಳು ಹಂಚಿಕೆಯಾದವು, ಕೊನೆಯ ಚಹಾ ಬಂತು. ಶಾರ್ಶೆನ್ ಬಿಲ್ಲೆ ಸರಿಮಾಡಿಕೊಂಡು, ಬಿಳಿ ಬಟ್ಟೆಯ ರಾಶಿಯನ್ನು ಎರಡೂ ಕೈಯಲ್ಲಿ ಹೊತ್ತು ಬಂದ. ಮೊದಲನೆಯದನ್ನು ಊರಿಗೇ ಹಿರಿಯಳಾದ ಕುಮುಶ್ಕಾನ್ ಅಜ್ಜಿಗೆ ಕೊಟ್ಟ.

ಅಜ್ಜಿ ಬಟ್ಟೆ ಮುಟ್ಟಿ ನೋಡಿದಳು. ಗೋರಿ ನೋಡಿದಳು. ಕಣ್ಣಿಗೊತ್ತಿಕೊಂಡಳು. "ಅವನ ಆಯುಸ್ಸು ನಮಗೂ ಬರಲಿ," ಎಂದಳು. ಅವಳಿಗೆ ಆಗಲೇ ಎಂಬತ್ತಾರು.

ಚೀಲಗಳು ಕೈಯಿಂದ ಕೈಗೆ ಹೋದವು. ಆಮೇಲೆ ಹೆಂಗಸರ ಸಾಲಿನಲ್ಲಿ ಪಿಸುಮಾತು ಶುರುವಾಯಿತು.

"ಬದುಕಿದಾನಲ್ಲೇ, ಅಗೋ ಅಲ್ಲಿ ಕೂತಿದಾನೆ."

"ಕೂತಿದಾನೆ, ಸರಿ. ಎಷ್ಟು ಹೊತ್ತು ಅಂತ ಮಗನಿಗೆ ಗೊತ್ತಿರುತ್ತೆ."

"ಜನವರೀಲಿ ಹೋದ್ರೆ ಹಿಮದಲ್ಲಿ ಯಾರು ಬರ್ತಾರೆ? ಈಗಲೇ ಮುಗಿಸ್ತಿದಾನೆ."

"ಒಂದೇ ಕುದುರೇಲಿ ಎರಡೂ ಆಯ್ತು. ಮೇಷ್ಟ್ರ ಸಂಬಳ, ಪಾಪ, ತಪ್ಪು ಅನ್ನಬಾರದು."

"ಅಪ್ಪನ್ನ ಎದುರಿಗೆ ಕೂರಿಸ್ಕೊಂಡಾ? ನನ್ನ ಮಗ ಹೀಗೆ ಮಾಡಿದ್ರೆ ಆ ಬಟ್ಟೇಲೇ ಅವನ ಕತ್ತು ಬಿಗೀತಿದ್ದೆ."

ಶಾರ್ಶೆನ್ ನಡುವೆ ನಿಂತು ಭಾಷಣ ಮಾಡಿದ. "ಬಂಧುಗಳೇ, ಇದು ನಮ್ಮ ಅಪ್ಪನ ನೆನಪಿಗೆ. ನಾವೆಲ್ಲ ಹೋದ ಮೇಲೂ ಪ್ಲಾಸ್ಟಿಕ್ ಮಣ್ಣಲ್ಲಿ ಇರುತ್ತೆ. ಬಟ್ಟೆ ಹಾಗಲ್ಲ, ಮನುಷ್ಯನ ಜೊತೇಲೇ ಮಣ್ಣಾಗುತ್ತೆ."

ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು.

ಅಜ್ಜ ತನ್ನ ಪಾಲಿನ ಚೀಲ ಹಿಂದು ಮುಂದು ತಿರುಗಿಸಿ ನೋಡಿದ. "ನಾನು ಕೂತಿರೋ ಹಾಗೇ ಹಂಚ್ತಿದೀಯೇನೋ?"

"ಚೀಲ ಅಪ್ಪ ಅದು. ಮಾಂಸ ಹಾಕ್ಕೊಳ್ಳೋಕೆ."

"ಚೆನ್ನಾಗಿದೆ. ನಿಮ್ಮಜ್ಜಿ ಸತ್ತಾಗ ಹಂಚಿದ್ದು ಇಷ್ಟು ಗಟ್ಟಿ ಇರಲಿಲ್ಲ," ಎಂದ ಅಜ್ಜ. ಬಾಗಿಲ ಕಡೆ ಇನ್ನೊಮ್ಮೆ ನೋಡಿ, "ಇನ್ನು ಬರಲ್ಲ ಅವಳು. ನನ್ನನ್ನ ಮನೆಯೊಳಗೆ ಮಲಗಿಸಿ," ಎಂದ. ಇಬ್ಬರು ಎತ್ತಿಕೊಂಡು ಹೋದರು. ಮಕ್ಕಳೆದುರೇ ಮುದುಕನನ್ನು ಎತ್ತಿಕೊಂಡು ಹೋದದ್ದೂ ಆ ಹೊತ್ತಿನಲ್ಲಿ ಚೆನ್ನಾಗಿ ಕಾಣಲಿಲ್ಲ.

ಸಾವಿನ ಬಟ್ಟೆಗೆ ಎಣ್ಣೆಜಿಡ್ಡಿನ ಮಾಂಸ ಹಾಕುವವರು ಯಾರು? ಹೆಂಗಸರು ಅದನ್ನು ನಾಲ್ಕಾಗಿ ಮಡಚಿ ಎದೆಗವಚಿಕೊಂಡರು. ಆಮೇಲೆ ತೋಳಿನಿಂದ, ಜೇಬಿನಿಂದ, ಪಾದರಕ್ಷೆಯ ಒಳಗಿನಿಂದ ತಮ್ಮ ತಮ್ಮ ಪ್ಲಾಸ್ಟಿಕ್ ಕವರ್ ತೆಗೆದರು. ನಮ್ಮವರು ಖಾಲಿ ಜೇಬಿನಲ್ಲಿ ಊಟಕ್ಕೆ ಬರುವವರಲ್ಲ. ಒಂದು ಗಳಿಗೆಯಲ್ಲಿ ಡೇರೆಯ ತುಂಬ ಕರಕರ ಸದ್ದು. ಫೋಟೋ ತೆಗೆಯಲು ಫೋನ್ ಎತ್ತಿದ್ದ ಮೈರಂಬೆಕ್ ಅದನ್ನು ನಿಧಾನವಾಗಿ ಜೇಬಿಗಿಳಿಸಿದ.

"ನನ್ನ ಕರು..." ಎಂದ.

ಆಚೆ ಕಣಿವೆಯಲ್ಲಿ ನಡೆದದ್ದು ನಮಗೆ ಆಮೇಲೆ ತಿಳಿಯಿತು. ಬಟ್ಟೆಯಂಗಡಿಯ ಹೆಂಗಸು ಗುರುವಾರ ಸಂಜೆಯೇ ಅನಾರ್ಕುಲ್‌ಗೆ ಸುದ್ದಿ ಮುಟ್ಟಿಸಿದ್ದಳು. ಅನಾರ್ಕುಲ್ ನಂಬಲಿಲ್ಲ. ಸೊಸೆ ಫೋನ್ ಮಾಡಿ ಕೇಳೋಣವೆಂದರೆ, "ಸತ್ತನಾ ಅಂತ ಫೋನಲ್ಲಿ ಕೇಳೋದು ಯಾವ ಮರ್ಯಾದೆ?" ಎಂದು ಗದರಿದಳು. ಎರಡು ರಾತ್ರಿ ತಡೆದುಕೊಂಡು, ಶನಿವಾರ ಮಧ್ಯಾಹ್ನ ನೆರೆಯವರ ಕಾರಿನಲ್ಲಿ ಹೊರಟುಬಂದಳು. ನಮ್ಮೂರ ಸೇತುವೆಯ ಹತ್ತಿರ ಎದುರಿಗೆ ಹೆಂಗಸರ ಗುಂಪು. ಎಲ್ಲರ ಎದೆಯ ಮೇಲೂ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಗೋರಿ.

"ಎಲ್ಲಿದಾನೆ?" ಎಂದಳು.

"ಒಳಗೆ ಮಲಗಿಸಿದಾರೆ," ಎಂದಳು ಕುಮುಶ್ಕಾನ್ ಅಜ್ಜಿ. ಅದು ನಿಜವೇ ಆಗಿತ್ತು.

ಆ ಹೊತ್ತಿಗೆ ನಾನು ಅಂಗಳದಲ್ಲಿ ಕಡಾಯಿ ಉಜ್ಜುತ್ತಿದ್ದೆ. ಐವತ್ತು ಜನ ಇನ್ನೂ ಹೊರಟಿರಲಿಲ್ಲ. ಸೇತುವೆಯ ಕಡೆಯಿಂದ ಒಂದು ದನಿ ಎದ್ದಿತು. ಅಳುವುದನ್ನು ಹಾಡಿ ಅಳುವ ಹಳೇ ದನಿ. ಈಗಿನ ಹುಡುಗಿಯರಿಗೆ ಬಾರದ್ದು.

"ಬೆಟ್ಟಕ್ಕೆ ಬೆನ್ನು ಕೊಟ್ಟು ಕೂತಿದ್ದೆನಲ್ಲಾ, ಅಣ್ಣಯ್ಯಾ,
ತಿರುಗಿ ನೋಡಿದರೆ ಬೆಟ್ಟವೇ ಇಲ್ಲವಲ್ಲಾ!"

ಬುರುಲ್ ಕೈಯಲ್ಲಿದ್ದ ತಟ್ಟೆ ಬಿಟ್ಟಳು. "ಇದು ಅನಾರ್ಕುಲ್ ಅತ್ತೆ ದನಿ. ಯಾರು ಸತ್ರು?"

ತೆರೆದ ಬಾಗಿಲಿನ ಒಳಗಿನಿಂದ ಅಜ್ಜ ಹೇಳಿದ: "ನಾನು ಅಂತ ಕಾಣುತ್ತೆ."

ಶಾರ್ಶೆನ್ ಗೇಟಿನ ಕಡೆ ಓಡಲು ಹೊರಟ. "ನಿಲ್ಲೋ!" ಎಂದು ಅಜ್ಜ ಕೂಗಿದ ಕೂಗಿಗೆ ಬೇಲಿಯ ಕುದುರೆಗಳು ಕಿವಿ ನಿಮಿರಿಸಿದವು. "ಯಾರೂ ಬಾಯಿ ಬಿಡಬೇಡಿ. ನಲವತ್ತೆರಡು ವರ್ಷ ಆಯ್ತು ಅವಳು ನನ್ನನ್ನ ಅಣ್ಣ ಅಂದು. ಒಳಗೆ ಬರಲಿ. ಹೊಸ್ತಿಲು ದಾಟಲಿ. ಆಮೇಲೆ ಏಳ್ತೀನಿ. ಮುಖಕ್ಕೆ ಏನಾದ್ರೂ ಮುಚ್ಚೇ ಬುರುಲ್!"

"ಅಪ್ಪಾ, ಇದು ಸುಳ್ಳಲ್ವಾ?" ಎಂದ ಶಾರ್ಶೆನ್.

"ಎರಡು ವಾರ ಹೆಚ್ಚು ಕಡಿಮೆ, ಅಷ್ಟೇ," ಎಂದ ಅಜ್ಜ. ಮಲಗಿ ಕೈ ಕಟ್ಟಿಕೊಂಡ. ಬುರುಲ್‌ಗೆ ಕೈಗೆ ಸಿಕ್ಕಿದ್ದು ಬಟ್ಟೆಚೀಲ. ಅದನ್ನೇ ಮುಖಕ್ಕೆ ಹೊದಿಸಿದಳು, ಗೋರಿ ಮೇಲಾಗಿ.

ಅಂಗಳದ ಐವತ್ತು ಜನ, ಕೈಯಲ್ಲಿ ಮಾಂಸದ ಕವರ್ ಹಿಡಿದುಕೊಂಡೇ, ಬದುಕಿರುವವನ ಸಾವಿಗೆ ನಿಲ್ಲಬೇಕಾಯಿತು. ಗಂಡಸರು ಪದ್ಧತಿಯಂತೆ ಗೋಡೆಗುಂಟ ಸಾಲಾಗಿ ನಿಂತು, ಕೋಲಿಲ್ಲದವರು ಪೊರಕೆ, ಸಲಿಕೆಗಳಿಗೆ ಒರಗಿ, "ನನ್ನ ಒಡಹುಟ್ಟೇ, ಓ!" ಎಂದು ಮೊರೆಯಿಟ್ಟರು. ಮೊದಮೊದಲು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆಮೇಲೆ ಅಭ್ಯಾಸ ಕೈಹಿಡಿಯಿತು. ಮೈರಂಬೆಕ್ ಎಲ್ಲರಿಗಿಂತ ಚೆನ್ನಾಗಿ ಅತ್ತ. ಕರುವಿನ ದುಃಖವೂ ಅದರಲ್ಲಿತ್ತೋ ಏನೋ.

ಅನಾರ್ಕುಲ್ ಗೇಟು ದಾಟಿದಳು. ಸಣ್ಣ ಆಳು, ಎಪ್ಪತ್ತೈದು ವರ್ಷ, ತಲೆಗೆ ಕಪ್ಪು ಬಟ್ಟೆ. ಯಾರನ್ನೂ ನೋಡದೆ ನೇರ ಬಾಗಿಲಿಗೆ ಬಂದಳು.

"ಕುದುರೆ ಹತ್ತಿಸಿ ಹಗ್ಗ ಹಿಡಿದವನೇ, ಅಣ್ಣಯ್ಯಾ,
ಹಗ್ಗ ಬಿಟ್ಟೆಯಾ, ಹೇಳದೇ ಬಿಟ್ಟೆಯಾ!
ಒಂ‌ದು ಮಾತಿಗೆ ಹೊರಗೆ ನಿಂತೆನಲ್ಲಾ, ಅಣ್ಣಯ್ಯಾ,
ಒಳಗೆ ಕರೆಯುವ ಬಾಯಿಗೆ ಮಣ್ಣು ಬಿತ್ತಲ್ಲಾ!"

ನಾನು ಕಿಟಕಿಯ ಪಕ್ಕದಲ್ಲಿದ್ದೆ. ಒಳಗೆ ಅಜ್ಜನ ಮುಖದ ಮೇಲಿನ ಬಟ್ಟೆ ಕಣ್ಣಿನ ಜಾಗದಲ್ಲಿ ಎರಡು ಕಡೆ ಒದ್ದೆಯಾಗುತ್ತಿತ್ತು. ಶಾಯಿ ಹರಡಿ ಗೋರಿ ಕರಗುತ್ತಿತ್ತು.

ಅವಳು ಬಲಗಾಲನ್ನು ಹೊಸ್ತಿಲ ಮೇಲೆ ಎತ್ತಿದಳು. ಒಳಗೆ ಬಿಳಿ ಮುಸುಕಿನಲ್ಲಿ ಮಲಗಿದ್ದವನನ್ನು ಕಂಡಳು. ಎರಡೂ ಕೈಯ ಉಗುರುಗಳನ್ನು ಕೆನ್ನೆಗೆ ಒಯ್ದಳು. ಹಳೇ ಕಾಲದ ಹೆಂಗಸರು ರಕ್ತ ಬರುವಂತೆ ಮುಖ ಪರಚಿಕೊಳ್ಳುತ್ತಾರೆ. ಬುರುಲ್ ಕಣ್ಣು ಮುಚ್ಚಿಕೊಂಡಳು. ನಾನೂ ಮುಚ್ಚಿಕೊಂಡೆ. ಹೊಸ್ತಿಲು ದಾಟಲು ಇನ್ನೊಂದು ಗೇಣು.

"ಅತ್ತೇ, ಬೇಡ! ಮುಖ ಪರಚ್ಕೋಬೇಡಿ!" ಶಾರ್ಶೆನ್‌ನ ಕೂಗು. "ಅಪ್ಪ ಬದುಕಿದಾನೆ! ಅದು ಸಾವಿನ ಬಟ್ಟೆ ಅಲ್ಲ, ಚೀಲ! ಪ್ಲಾಸ್ಟಿಕ್ ಕಡಿಮೆ ಮಾಡೋಕೆ!"

ಅಂಗಳದಲ್ಲಿ ಅಳು ಒಮ್ಮೆಲೇ ನಿಂತಿತು. ಅನಾರ್ಕುಲ್‌ನ ಕಾಲು ಗಾಳಿಯಲ್ಲೇ ಇತ್ತು. ಅವಳು ಅದನ್ನು ನಿಧಾನವಾಗಿ ಹಿಂದಕ್ಕೆ ತೆಗೆದು, ಹೊರಗಿನ ಕಲ್ಲಿನ ಮೇಲೆ, ಎಡಗಾಲಿನ ಪಕ್ಕ ಇಟ್ಟಳು.

ಅಜ್ಜ ಮುಖದ ಮೇಲಿನ ಬಟ್ಟೆ ಎಳೆದ. ಕೆನ್ನೆಯ ತುಂಬ ಕಪ್ಪು ಶಾಯಿ. ಮಗನನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಶಾರ್ಶೆನ್ ಈಗಲೂ ಹೇಳುತ್ತಾನೆ.

"ಮುಖ ಕಪ್ಪಾಗಿದೆ," ಎಂದಳು ಅನಾರ್ಕುಲ್.

"ನಿನ್ನಿಂದಲೇ ಆಗಿದ್ದು," ಎಂದ ಅಜ್ಜ. "ಚೆನ್ನಾಗಿ ಅಳ್ತೀಯ. ಅವ್ವನ ಹಾಗೇ."

"ಕೇಳಿಸ್ಕೊಂಡು ಮಲಗಿದ್ಯಾ? ನಾಚಿಕೆ ಇಲ್ವಾ ನಿನಗೆ, ಇಸಾಬೆಕ್?"

"ಈಗ ಇಸಾಬೆಕ್ ಆದ್ನಾ? ಈಗ ತಾನೇ ಅಣ್ಣಯ್ಯ ಅಂತಿದ್ದೆ."

"ಅದು ಸತ್ತವನಿಗೆ."

ಅವಳು ಹೊರಗಿನ ಕಲ್ಲಿನ ಮೇಲೆ ಕೂತಳು. ಅಜ್ಜನನ್ನು ಬುರುಲ್ ಎತ್ತಿ ಹೊಸ್ತಿಲ ಒಳಗೆ ದಿಂಬಿಗೆ ಒರಗಿಸಿದಳು. ಇಬ್ಬರ ನಡುವೆ ಒಂದು ಮರದ ತುಂಡು. ಹೊಸ್ತಿಲ ಆಚೀಚೆ ಕೂತು ಮಾತಾಡಬಾರದೆಂದು ಯಾರೂ ನೆನಪಿಸಲಿಲ್ಲ. ಚಹಾ ಬಂತು. ಒಂದು ಬಟ್ಟಲು ಹೊರಗೆ, ಒಂದು ಒಳಗೆ. ಅಂಗಳದ ಜನ ಬೇಲಿ ನೋಡುತ್ತ, ಬೆಟ್ಟ ನೋಡುತ್ತ, ಒಂದಕ್ಷರ ಬಿಡದೆ ಕೇಳಿಸಿಕೊಂಡರು.

"ಆ ಚೀಲ ಕೊಟ್ಟಿದ್ದು ತಪ್ಪು," ಎಂದ ಅಜ್ಜ.

"ಚೀಲ ಯಾರಿಗೆ ಬೇಕು? ಒಂದು ಚೀಲಕ್ಕೆ ಇಷ್ಟೊಂದಾ ಅಂದ್ಯಲ್ಲ, ಅದು."

"ಅದೂ ತಪ್ಪು."

"ಹೂಂ."

"ಬಾ ಒಳಗೆ. ನನಗೆ ಈ ಚಳಿಗಾಲ ಇಲ್ಲ ಅಂದಿದಾರೆ ಡಾಕ್ಟ್ರು. ನೀನು ಕೂತಿದ್ದ ಜಾಗ ಹಾಗೇ ಇದೆ, ಒಲೆ ಪಕ್ಕ. ಒಂದು ಗಳಿಗೆ ಕೂತು ಹೋಗು."

ಅವಳು ಬಟ್ಟಲನ್ನು ಕಲ್ಲಿನ ಮೇಲೆ ಇಟ್ಟಳು.

"ಬಂದ್ರೆ ಈ ನಲವತ್ತೆರಡು ವರ್ಷ ಸುಮ್ಮಸುಮ್ಮನೆ ಹೋದ ಹಾಗಾಗುತ್ತೆ ಇಸಾಬೆಕ್. ಮಾತು ಅಂತ ಇತ್ತು, ಅದಕ್ಕೆ ತಡ್ಕೊಂಡಿದ್ದೆ. ಈಗ ಒಂದು ಕಾಲು ಎತ್ತಿಟ್ರೆ ಮುಗೀತು ಅನ್ನೋದಾದ್ರೆ, ಅವತ್ತೇ ಯಾಕೆ ಇಡ್ಲಿಲ್ಲ ನಾನು? ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ."

"ಉತ್ತರ ಯಾರು ಕೇಳ್ತಾರೆ?"

"ನಾನೇ ಕೇಳ್ಕೋತೀನಿ. ದಿನಾ."

ಶಾರ್ಶೆನ್ ಮುಂದೆ ಬಂದ. ಕೊರಳಿನ ಬಿಲ್ಲೆ ಎಲ್ಲೋ ಬಿದ್ದುಹೋಗಿತ್ತು. "ಅತ್ತೆ, ತಪ್ಪೆಲ್ಲ ನಂದು. ಬೇಕಾದ್ರೆ ನನಗೆ ಹೊಡೀರಿ. ಒಳಗೆ ಬನ್ನಿ."

"ನಿನ್ನ ತಪ್ಪಲ್ಲಪ್ಪ," ಎಂದಳು ಅವಳು. "ನೀನು ಕೂಗದಿದ್ರೆ ಮೋಸಕ್ಕೆ ಒಳಗೆ ಬಂದಿರ್ತಿದ್ದೆ. ಮೋಸಕ್ಕೆ ಬಂದವಳು ಬಂದ ಹಾಗಲ್ಲ." ಅವನಿಗೆ ಸಮಾಧಾನವಾಗಲೆಂದು ಹೇಳಿದಳೋ ಏನೋ. ಆಗಲಿಲ್ಲ.

ಬುರುಲ್ ಅವಳ ಪಾಲಿನ ಎಲುಬು ತಂದಳು. ಕರೆ ಕಳಿಸಿದ ವರ್ಷವೆಲ್ಲ ಅಜ್ಜ ಒಂದು ಎತ್ತಿಡಿಸುತ್ತಿದ್ದ. ತಿನ್ನುವವರಿಲ್ಲದೆ ನಾಯಿಗೆ ಹೋಗುತ್ತಿತ್ತು. ಮನೆಯಲ್ಲಿ ಪ್ಲಾಸ್ಟಿಕ್ ಇರಲಿಲ್ಲವಲ್ಲ, ಬಟ್ಟೆಚೀಲಕ್ಕೇ ಹಾಕಿ ಕೊಡಲು ಹೋದಳು. ಅನಾರ್ಕುಲ್ ಕೈ ಹಿಂದಕ್ಕೆಳೆದುಕೊಂಡಳು.

"ಬದುಕಿರೋನ ಮನೆಯಿಂದ ಈ ಬಟ್ಟೆ ಒಯ್ಯಲ್ಲ."

ಕೋಟಿನ ಜೇಬಿನಿಂದ, ತೊಳೆದು ತೊಳೆದು ಬಣ್ಣವೆಲ್ಲ ಹೋಗಿದ್ದ ಒಂದು ಪ್ಲಾಸ್ಟಿಕ್ ಕವರ್ ತೆಗೆದಳು. ಎಲುಬು ಅದರೊಳಗಿಟ್ಟು ಗಂಟು ಹಾಕಿದಳು. ಎದ್ದಳು. "ಬರ್ತೀನಿ," ಎಂದಳು. "ಬೇಗ ಬಾ," ಎಂದ ಅಜ್ಜ. ಸುತ್ತಲಿದ್ದವರಲ್ಲಿ ಯಾರೋ ನಕ್ಕುಬಿಟ್ಟರು. ಅವರಿಬ್ಬರೂ ನಗಲಿಲ್ಲ.

ಮೈರಂಬೆಕ್ ಜಿಲ್ಲೆಗೆ ಒಂದು ಖಾಲಿ ಬಟ್ಟೆಚೀಲದ ಫೋಟೋ ಕಳಿಸಿದ. ಯೋಜನೆ ಯಶಸ್ವಿ ಎಂದು ಉತ್ತರ ಬಂತು.

ಹತ್ತೊಂಬತ್ತನೇ ದಿನ, ಮೊದಲ ಹಿಮ ಬಿದ್ದ ಬೆಳಿಗ್ಗೆ, ಇಸಾಬೆಕ್ ಅಜ್ಜ ತೀರಿಕೊಂಡ. ಸುದ್ದಿ ಕಳಿಸಿದರೆ ಜನ ನಂಬಲಿಲ್ಲ. ಶಾರ್ಶೆನ್ ಮನೆಮನೆಗೆ ಹೋಗಿ, ಈ ಸಲ ನಿಜ, ನಿಜವಾಗಿಯೂ ನಿಜ ಎಂದು ಹೇಳಬೇಕಾಯಿತು. ಬಟ್ಟೆ ಹಂಚಲು ಹೋದರೆ ಹೆಂಗಸರು, ನಮ್ಮದು ಆಗಲೇ ಬಂದಿದೆ ಎಂದು ಬೇಡವೆಂದರು. ಮಾಂಸವನ್ನು ಬುರುಲ್ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಳು. ಗಂಡ ಪಕ್ಕದಲ್ಲಿ ನಿಂತು ಕವರಿನ ಬಾಯಿ ಬಿಡಿಸಿ ಕೊಟ್ಟ.

ಮಧ್ಯಾಹ್ನ ಅನಾರ್ಕುಲ್ ಬಂದಳು. ಸೇತುವೆಯಿಂದ ದನಿ ಕೇಳುತ್ತದೆಂದು ನಾವೆಲ್ಲ ಕಿವಿಗೊಟ್ಟಿದ್ದೆವು. ಹಾಡಲಿಲ್ಲ, ಅಳಲಿಲ್ಲ. ಅಳುವುದನ್ನು ಆಗಲೇ ಅತ್ತಾಗಿತ್ತು. ಗೇಟಿನಿಂದ ಬಾಗಿಲವರೆಗೆ ಹಿಮದಲ್ಲಿ ನಡೆದು ಬಂದಳು. ಬೂಟು ಬಿಟ್ಟಳು. ಹೊಸ್ತಿಲು ದಾಟಿ ಒಳಗೆ ಹೋಗಿ, ಒಲೆಯ ಪಕ್ಕದ ಜಾಗದಲ್ಲಿ ಕೂತಳು.

ಕೊಟ್ಟ ಮಾತು ಉಳಿಸಿಕೊಂಡಳು.